ಇನ್ಸ್‌ಬ್ರುಕ್‌ನಿಂದ ಕಲ್ಯಾಣದುರ್ಗಕ್ಕೆ

ನಮ್ಮ ಪಕ್ಕದ ಮನೆ ಮೇಷ್ಟ್ರು ಯುರೋಪಿನಿಂದ ಅರ್ಧಕ್ಕೇ ವಾಪಸಾದ ಸುದ್ದಿ ಅವರಿಗಿಂತ ಮುಂಚೆ ಹಿಂದೂಪುರ ಮುಟ್ಟಿತ್ತು. ಬೆಲ್ಲದ ಮಂಡಿಯಲ್ಲಿ ಒಂದು ಕಥೆ, ಸ್ಟೇಷನ್ ರಸ್ತೆಯಲ್ಲಿ ಇನ್ನೊಂದು. ಮಗನ ಜೊತೆ ಜಗಳ ಆಯಿತಂತೆ ಅಂತ ಒಬ್ಬರು. ಮುದ್ದೆ ಸಿಗದೆ ಹೊಟ್ಟೆ ಕೆಟ್ಟಿತಂತೆ ಅಂತ ಇನ್ನೊಬ್ಬರು. ಅಲ್ಲಿ ಬಲಗಡೆ ಓಡಿಸಬೇಕಾದ ಕಾರನ್ನು ಎಡಗಡೆ ಓಡಿಸಿ ಪೊಲೀಸರ ಕೈಗೆ ಸಿಕ್ಕರಂತೆ ಅಂತ ನಮ್ಮ ಹಾಲಿನವನು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಯಾಕೆಂದರೆ ಮೇಷ್ಟ್ರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆ, ಅದರ ಮೇಲೆ ಬಾಗಿಕೊಂಡ ಒಂದು ನುಗ್ಗೆಮರ. ಕಾಯಿ ಅವರಿಗೂ ನಮಗೂ ಅರ್ಧರ್ಧ, ಸುದ್ದಿಯೂ ಹಾಗೇ.

ಮೇಷ್ಟ್ರ ತಯಾರಿ ನೋಡಿದ್ದರೆ ಯಾರೂ ಹೀಗೆ ಆಡಿಕೊಳ್ಳುತ್ತಿರಲಿಲ್ಲ. ಮಗ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿ ಬಾಡಿಗೆಗೆ ಕಾರು ಹಿಡಿದು ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ ದಾಟಿ ಇಟಲಿ, ವೆರೋನಾ, ವೆನಿಸ್ ಅಂತ ಅವನ ಯೋಜನೆ. ಸ್ಟೇರಿಂಗ್ ಹಿಡಿಯದೆ ಕೂತುಕೊಳ್ಳುವ ಜಾಯಮಾನ ಮೇಷ್ಟ್ರದಲ್ಲ. ಆರ್‌ಟಿಓ ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರು. ಲೇಪಾಕ್ಷಿ ಬಸವಣ್ಣನ ತನಕ ತಮ್ಮ ಹಳೇ ಕಾರು ತಗೊಂಡು ಹೋಗಿ ಅಭ್ಯಾಸ ಬೇರೆ, ಅದೂ ರಸ್ತೆಯ ಬಲಗಡೆಗೆ ಕಣ್ಣಿಟ್ಟುಕೊಂಡು. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ಇಷ್ಟು ದಿನಕ್ಕೆ ಇಷ್ಟು ಅಂತ ಚೀಟಿ ಕೊಳ್ಳಬೇಕು. ಆ ಚೀಟಿ ಇದ್ದರೂ ಬ್ರೆನ್ನರ್ ದಾರಿಗೆ ಬೇರೆ ದುಡ್ಡು. ಇಟಲಿಯಲ್ಲಿ ಓಡಿದಷ್ಟು ದೂರಕ್ಕೆ ಲೆಕ್ಕ. ಇದನ್ನೆಲ್ಲಾ ಗೋಡೆಯ ಆಚೆ ನಿಂತು ನನಗೆ ಎಷ್ಟು ಸಲ ಒಪ್ಪಿಸಿದ್ದಾರೆಂದರೆ, ನಾಳೆ ನನ್ನನ್ನು ಆಲ್ಪ್ಸ್‌ನಲ್ಲಿ ಇಳಿಸಿದರೂ ಟೋಲ್‌ಗೇಟಿನಲ್ಲಿ ಮೋಸ ಹೋಗುವವಳಲ್ಲ ನಾನು.

ಒಂದೇ ವೀಸಾದಲ್ಲಿ 29 ದೇಶ ಸುತ್ತಬಹುದು, ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆದು ಕೇಳೋದಿಲ್ಲ ಅಂತ ಅವರು ಬೀಗಿದಾಗ ಮಾತ್ರ ನನಗೆ ನಗು ಬಂತು. ಹಿಂದೂಪುರದವರಿಗೆ ಇದೇನು ಹೊಸದೇ? ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯೋದು. ಅವಳ ತವರು ಕಲ್ಯಾಣದುರ್ಗ. ಇಲ್ಲಿಂದ ಮಡಕಶಿರ ಹಾದು ಹೋದರೆ ಆಂಧ್ರ ಮುಗಿದು ಕರ್ನಾಟಕದ ಪಾವಗಡ ಬರುತ್ತದೆ. ಪಾವಗಡ ದಾಟಿ ಒಂದಷ್ಟು ದೂರ ಹೋದರೆ ಮತ್ತೆ ಆಂಧ್ರ. ಬಸ್ಸಿನ ಬಣ್ಣ ಬದಲಾಗುತ್ತೆ, ಬೋರ್ಡಿನ ಲಿಪಿ ಬದಲಾಗುತ್ತೆ, ಹೋಟೆಲಿನವನು ಎರಡೂ ಭಾಷೆಯಲ್ಲಿ ಬೈಯುತ್ತಾನೆ. 2022ರಲ್ಲಿ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಗೆ ಅಂತ ಹಂಚಿಹೋದೆವು. ನೆಂಟಸ್ತಿಕೆಯನ್ನು ಮಾತ್ರ ಯಾವ ಸರ್ಕಾರವೂ ಹಂಚಲಿಲ್ಲ.

ನೆಂಟಸ್ತಿಕೆ ಅಂದೆನಲ್ಲ, ಅದನ್ನು ಮೊದಲು ಬಿಡಿಸಿ ಹೇಳಬೇಕು. ಮೇಷ್ಟ್ರು ಮದುವೆಯಾಗಿರುವುದು ಸ್ವಂತ ಅಕ್ಕನ ಮಗಳನ್ನು. ನಮ್ಮ ಸೀಮೆಯಲ್ಲಿ ಇದು ಮಾಮೂಲು. ಹಾಗಾಗಿ ಕಲ್ಯಾಣದುರ್ಗದ ಹಿರಿಯಮ್ಮ ಮೇಷ್ಟ್ರಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಮ್ಯೂನಿಕ್ ಮಗನಿಗೆ ಅಮ್ಮನ ಕಡೆಯಿಂದ ಅಜ್ಜಿ, ಅಪ್ಪನ ಕಡೆಯಿಂದ ಸೋದರತ್ತೆ. ಈ ಅಜ್ಜಿಗೆ ಒಂದು ದಿನ ಬೆಳಗಿನ ಜಾವ ಕಾಫಿ ಲೋಟ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ವಾಲಿತು, ಮಾತು ತೊದಲಿತು. ಪಾರ್ಶ್ವವಾಯು.

ಮನೆಯಲ್ಲಿದ್ದ ಮೊಮ್ಮಗ, ಕಡ್ಲೆಕಾಯಿ ವ್ಯಾಪಾರ ಮಾಡುವ ಹುಡುಗ, ಓದಿದ್ದು ಹತ್ತನೇ ಕ್ಲಾಸು. ಎಣ್ಣೆ ತಿಕ್ಕೋಣ, ನಾಟಿ ವೈದ್ಯರನ್ನು ಕರೆಯೋಣ, ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತೆ ಅಂತ ದೊಡ್ಡವರು ಹೇಳುತ್ತಿದ್ದರೆ ಅವನು 108ಕ್ಕೆ ಫೋನ್ ಮಾಡಿದ. ನೇರ ಅನಂತಪುರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದೂ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ ಅಂತ ಖಾತ್ರಿಯಾದ ಮೇಲೆ. ಹುಡುಗ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದ, ಇಂಜೆಕ್ಷನ್ನು ಬಿತ್ತು. ಅಲ್ಲಿಗೆ ದೊಡ್ಡ ಗಂಡಾಂತರ ಒಂದು ಮಟ್ಟಿಗೆ ಕಳೆದಿತ್ತು.

ಆಗ ಮೇಷ್ಟ್ರು, ಅಕ್ಕ, ಮಗ ಇದ್ದ ಇನ್ಸ್‌ಬ್ರುಕ್‌ನಲ್ಲಿ ಇನ್ನೂ ಬೆಳಗಿನ ತಿಂಡಿ ಹೊತ್ತು. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಸೂಟ್‌ಕೇಸುಗಳು ಡಿಕ್ಕಿಯಲ್ಲಿವೆ, ಬ್ರೆನ್ನರ್ ಕಡೆಗೆ ಹೊರಡಬೇಕು, ಫೋನ್ ಬಂತು.

ಇನ್ನು ಫೋನಿನ ವಿಷಯ. ಇದರ ಬಗ್ಗೆ ನನಗೆ ಬಹಳ ದಿನದ ಸಿಟ್ಟಿದೆ. ಮೊದಲು ಮಾತಾಡಿದವರು ಚಿಕ್ಕಪ್ಪ. “ಏನೂ ಗಾಬರಿ ಆಗ್ಬೇಡಿ” ಅಂತ ಶುರುಮಾಡಿದರು. ಬೆಳಬೆಳಗ್ಗೆ ಈ ಮಾತು ಕೇಳಿ ಗಾಬರಿಯಾಗದ ಮನುಷ್ಯ ಇನ್ನೂ ಹುಟ್ಟಿಲ್ಲ. ಆಮೇಲೆ ಒಬ್ಬ ಚಿಕ್ಕಮ್ಮ ಫೋನ್ ಮಾಡಿ ಏನೂ ಹೇಳದೆ ಅತ್ತರು. ಮೂರನೆಯವರು ದೂರದ ನೆಂಟರು, ಆಸ್ಪತ್ರೆ ಕಡೆ ತಲೆ ಹಾಕಿಯೂ ಇಲ್ಲ. “ನೋಡ್ಬೇಕು ಅನ್ಸಿದ್ರೆ ಬಂದ್ಬಿಡಿ, ಆಮೇಲೆ ನಮ್ಮನ್ನ ಅನ್ಬೇಡಿ” ಅಂದರು. ಇಂಜೆಕ್ಷನ್ನು ಬಿದ್ದಿದೆ, ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ, ಎಚ್ಚರ ಇದೆ, ಕರೆದರೆ ಕಣ್ಣು ಬಿಡುತ್ತಾರೆ ಅಂತ ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಬಲ್ಲವನು ಆ ಹುಡುಗ ಒಬ್ಬನೇ. ಅವನ ಫೋನಿನ ಚಾರ್ಜು ಮುಗಿದು, ಐಸಿಯು ಬಾಗಿಲಲ್ಲಿ ಔಷಧಿ ಚೀಟಿ ಹಿಡಿದು ನಿಂತಿದ್ದ.

“ಅವರು ಮಾತಾಡ್ತಾ ಇರುವಾಗಲೇ ನಾನು ಕಾರಲ್ಲಿ ಕೂತ್ಬಿಟ್ಟೆ ಕಣೇ” ಅಂದಳು ಅಕ್ಕ. ಮಗ ಎರಡು ದಿನ ಕಾದು ನೋಡೋಣ ಅಂದನಂತೆ. ವೆರೋನಾ, ವೆನಿಸ್ ಹೋಟೆಲುಗಳ ದುಡ್ಡು ವಾಪಸ್ ಬರಲ್ಲ ಅಂತ ಮೇಷ್ಟ್ರು ಒಂದು ಸಲ ಅಂದರಂತೆ, ಎರಡನೇ ಸಲ ಅನ್ನಲಿಲ್ಲವಂತೆ. ಕಾರು ದಕ್ಷಿಣಕ್ಕೆ ಹೋಗಬೇಕಾದದ್ದು ಉತ್ತರಕ್ಕೆ ತಿರುಗಿತು. ಕಾರನ್ನು ಹಿಡಿದ ಊರಲ್ಲೇ ಬಿಟ್ಟರು ಅನ್ನೋದೊಂದೇ ಸಮಾಧಾನ. ಒಂದು ದೇಶದಲ್ಲಿ ಹಿಡಿದು ಇನ್ನೊಂದು ದೇಶದಲ್ಲಿ ಬಿಟ್ಟಿದ್ದರೆ ದಂಡ ಬಾಡಿಗೆಯನ್ನೂ ಮೀರಿಸುತ್ತಿತ್ತು. ವಿಮಾನದ ಹಳೇ ಟಿಕೆಟ್ ಹೋಯಿತು, ಹೊಸದನ್ನು ಕೊಂಡರು. ಹುಡುಗ ಮಾತಿಗೆ ಸಿಕ್ಕಿದ್ದು ಅವರು ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ. ಅಕ್ಕ ಅಲ್ಲೇ ಅತ್ತಳಂತೆ, ಈ ಸಲ ಬೇರೆ ಥರ.

ದೇವನಹಳ್ಳಿಯಲ್ಲಿ ಇಳಿದವರು ಮನೆಗೂ ಬರದೆ ನೇರ ಅನಂತಪುರಕ್ಕೆ ಹೋದರು.

ವಿಮೆಯ ಪ್ರಹಸನ ಆಮೇಲಿನದು. ವೀಸಾಕ್ಕೆಂದು ಕಡ್ಡಾಯವಾಗಿ ಮಾಡಿಸುವ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಆದರೆ ಅದು ನೋಡಿಕೊಳ್ಳೋದು ಹೋದವರ ಆರೋಗ್ಯ, ಮನೆಯಲ್ಲಿ ಉಳಿದವರದ್ದಲ್ಲ. ಮನೆಯಲ್ಲಿ ಯಾರಿಗೋ ಹುಷಾರು ತಪ್ಪಿ ಪ್ರವಾಸ ಮೊಟಕಾದರೆ ಪರಿಹಾರ ಬೇಕು ಅಂದರೆ ಆ ಕಲಮು ಪಾಲಿಸಿಯಲ್ಲಿ ಬೇರೆಯಾಗಿ ಇರಬೇಕು. ಮಗ ಜಾಣ, ಅದನ್ನೂ ಸೇರಿಸಿದ್ದ. ಮೇಷ್ಟ್ರು ಅರ್ಜಿ ತುಂಬಲು ಕೂತರು. ರೋಗಿಗೂ ನಿಮಗೂ ಏನು ಸಂಬಂಧ ಅಂತ ಕಾಲಂ. ಅಕ್ಕ ಮತ್ತು ಅತ್ತೆ ಅಂತ ಎರಡನ್ನೂ ಬರೆದರು. ಎರಡು ದಿನದ ಮೇಲೆ ಕಂಪನಿಯಿಂದ ಒಂದು ಹುಡುಗಿ ಫೋನ್ ಮಾಡಿ, “ಸರ್, ರೋಗಿಗಳು ಇಬ್ಬರಾ?” ಅಂದಳು. ಒಬ್ಬರೇ ಅಂದರು ಮೇಷ್ಟ್ರು. “ಹಾಗಾದರೆ ಒಂದನ್ನು ಸೆಲೆಕ್ಟ್ ಮಾಡಿ ಸರ್.” ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಂಧಿ ಸಮಾಸ ಪಾಠ ಮಾಡಿದ ಮನುಷ್ಯ, ಈ ಪ್ರಶ್ನೆಗೆ ಉತ್ತರ ಹೊಳೆಯದೆ ಗೋಡೆ ಹತ್ತಿರ ಬಂದು ನನ್ನನ್ನು ಕೇಳಿದರು. ಒಡಹುಟ್ಟಿದವಳು ಅಂತಲೇ ಬರೆಯಿರಿ ಅಂದೆ, ಮದುವೆಗಿಂತ ಮೊದಲಿನಿಂದ ಇರುವ ಸಂಬಂಧ. ಅದೂ ಪ್ರಯೋಜನಕ್ಕೆ ಬರಲಿಲ್ಲ. ಅಜ್ಜಿಗೆ ಮೊದಲಿನಿಂದ ಬಿ.ಪಿ. ಇತ್ತು. ಪಾಲಿಸಿ ಕೊಳ್ಳುವ ಮುಂಚೆಯೇ ಇದ್ದ ಕಾಯಿಲೆಯಿಂದ ಬಂದ ತೊಂದರೆಗೆ ಪರಿಹಾರ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಮೊದಲೇ ಇತ್ತು. ಈ ವಯಸ್ಸಿನಲ್ಲಿ ಬಿ.ಪಿ., ಸಕ್ಕರೆ ಎರಡೂ ಇಲ್ಲದ ಅಜ್ಜಿಯನ್ನು ನಮ್ಮ ಎರಡೂ ಜಿಲ್ಲೆಯಲ್ಲಿ ಹುಡುಕಿ ತಂದರೆ ಆ ಕಂಪನಿಗೆ ನಾನೇ ಬಹುಮಾನ ಕೊಡುತ್ತೇನೆ.

ಊರವರ ಲೆಕ್ಕ ಇನ್ನೂ ಸರಳ. ಇಂಜೆಕ್ಷನ್ನು ಬಿದ್ದಿತ್ತಲ್ಲ, ಅಜ್ಜಿ ಉಳಿದರಲ್ಲ, ಇವರು ಬಂದು ಮಾಡಿದ್ದೇನು, ಲಕ್ಷಗಟ್ಟಲೆ ದಂಡ. ಮೇಲ್ನೋಟಕ್ಕೆ ಹೌದು ಅನ್ನಿಸುತ್ತೆ. ಆ ನಾಲ್ಕೂವರೆ ಗಂಟೆಯಲ್ಲಿ ಇನ್ಸ್‌ಬ್ರುಕ್‌ನಿಂದ ಇರಲಿ, ಹಿಂದೂಪುರದಿಂದ ಹೊರಟಿದ್ದರೂ ಇವರ ಕೈಲಿ ಏನೂ ಆಗುತ್ತಿರಲಿಲ್ಲ. ಅದು ಹತ್ತಿರ ಇದ್ದವನ ಕೆಲಸ, ಅವನು ಮಾಡಿದ. ಆದರೆ ಪಾರ್ಶ್ವವಾಯು ಇಂಜೆಕ್ಷನ್ನಿಗೆ ಮುಗಿಯುವ ಕಾಯಿಲೆಯಲ್ಲ. ಕೈಕಾಲಿಗೆ ಬಲ ತಿರುಗಿ ಬರುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ, ಅದೂ ದಿನಾ ವ್ಯಾಯಾಮ ಮಾಡಿಸಿದರೆ. ನೀರು ಕುಡಿಸಿದರೆ ಗಂಟಲಲ್ಲಿ ಸರಿಯಾಗಿ ಇಳಿಯದೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇರುತ್ತೆ. ಅಂಬಲಿ ಎಷ್ಟು ಗಟ್ಟಿ ಇರಬೇಕು, ಕೂರಿಸಿ ಹೇಗೆ ಕುಡಿಸಬೇಕು ಅಂತ ಅಕ್ಕ ಆಸ್ಪತ್ರೆಯಲ್ಲೇ ಕಲಿತಳು. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನು ಹುಣ್ಣಾಗುತ್ತೆ. ಇದನ್ನೆಲ್ಲ ಆ ಹುಡುಗ ಒಬ್ಬನೇ, ಕಡ್ಲೆಕಾಯಿ ಸುಗ್ಗಿ ಬಿಟ್ಟುಕೊಂಡು ಎಷ್ಟು ದಿನ ಮಾಡಿಯಾನು? ಅಕ್ಕ ಕಲ್ಯಾಣದುರ್ಗದಲ್ಲೇ ಉಳಿದಳು. ಮೇಷ್ಟ್ರು ವಾರಕ್ಕೊಮ್ಮೆ ಹೋಗಿ ಬರುತ್ತಾ, ದಾರಿಯಲ್ಲಿ ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಸುರಿಯುತ್ತಾ ಇದ್ದರು. ಬ್ರೆನ್ನರ್‌ನಲ್ಲಿ ಕಟ್ಟಬೇಕಿದ್ದ ಟೋಲ್ ಇಲ್ಲಿ ಕಟ್ಟುತ್ತಾ ಇದ್ದೀನಿ ಅನ್ನೋರು.

ನಮ್ಮ ಕಡೆ ಈಗ ಸತ್ತವರಿಗೆ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ. ಅಮೆರಿಕದ ಮಗ ಬರುವ ತನಕ ಹೆಣ ಕಾಯುತ್ತೆ, ಎಲ್ಲರೂ ಬಂದು ಮುಖ ನೋಡುತ್ತಾರೆ. ಕಾಯಿಲೆಗೆ ಅಂಥ ಪೆಟ್ಟಿಗೆ ಇಲ್ಲ. ಬರುವುದಾದರೆ ಕಾಯಿಲೆಗೇ ಬರಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಇದನ್ನು ಗೋಡೆ ಮೇಲಿಂದ ಹೇಳಿದ್ದಕ್ಕೆ ಎದುರು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರ ಮಗ ಡಲ್ಲಾಸ್‌ನಲ್ಲಿದ್ದಾನೆ.

ಅಜ್ಜಿಗಂತೂ ಕಾಯಿಲೆಯಿಂದ ಹೊಸ ಅಂತಸ್ತು ಬಂತು. ನೋಡಲು ಬಂದವರು ಚೀನಿಕಾಯಿ (ಮೂಸಂಬಿ), ಎಳನೀರು, ಬ್ರೆಡ್ಡು ಇಟ್ಟು ಮಂಚದ ಪಕ್ಕ ಕೂತ ಕೂಡಲೇ, ತೊದಲು ಮಾತಲ್ಲೇ, “ಯುರೋಪಿಂದ ಬಂದ್ರು, ನನಗೋಸ್ಕರ” ಅನ್ನುವರು. ಆಮೇಲೆ ಹೇಗಿದ್ದೀಯಮ್ಮ ಅಂತ ಕೇಳುವವರೇ ಇಲ್ಲ. ಹಿಮ ಹೇಗಿತ್ತು, ಕಾರು ಎಷ್ಟು ಸ್ಪೀಡು ಅಂತ ಮೇಷ್ಟ್ರನ್ನೇ ಸುತ್ತಿಕೊಳ್ಳುವರು. ಆಸ್ಟ್ರಿಯಾದಿಂದ ಇವರು ಬಂದು ಎಷ್ಟೋ ದಿನವಾದ ಮೇಲೆ ಪಾವಗಡದ ಅಳಿಯ ಬಂದ. ಬಸ್ಸು ಸಿಗಲಿಲ್ಲ ಅಂದನಂತೆ. ಅಜ್ಜಿ ಸರಿಯಿದ್ದ ಎಡಗೈಯಲ್ಲೇ ಬಾಗಿಲು ತೋರಿಸಿದರಂತೆ.

ಇನ್ನೊಂದು ತಮಾಷೆ. ವ್ಯಾಯಾಮ ಮಾಡಿಸುವ ಬಗ್ಗೆ ಕೇಳಲು ಅಕ್ಕ ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಗೆ ಹೋದಾಗ ಅಲ್ಲಿ ಗೋಡೆ ಮೇಲೆ ಆ ಸಂಸ್ಥೆ ಕಟ್ಟಿದ ವಿನ್ಸೆಂಟ್ ಫೆರರ್ ಫೋಟೋ ನೋಡಿದಳಂತೆ. ಸ್ಪೇನಿನ ಬಾರ್ಸಿಲೋನಾದವರು. ಕ್ರೈಸ್ತ ಮಿಷನರಿಯಾಗಿ ಭಾರತಕ್ಕೆ ಬಂದು, 1968ರಲ್ಲಿ ಮಹಾರಾಷ್ಟ್ರ ಬಿಡಬೇಕಾಗಿ ಬಂದು, 1969ರಲ್ಲಿ ನಮ್ಮ ಬರಪೀಡಿತ ಅನಂತಪುರಕ್ಕೆ ಬಂದರು. ಪಾದ್ರಿತನ ಬಿಟ್ಟರು, ಮದುವೆಯಾದರು, ಊರೂರಿಗೆ ಶಾಲೆ, ಮನೆ, ಆಸ್ಪತ್ರೆ ಕಟ್ಟಿಸಿದರು. 2009ರಲ್ಲಿ ಅನಂತಪುರದಲ್ಲೇ ತೀರಿಕೊಂಡರು, ಬತ್ತಲಪಲ್ಲಿಯಲ್ಲಿ ಮಣ್ಣು ಮಾಡಿದರು. “ನಾವು ಅಲ್ಲಿಗೆ ಹೋಗಿ ಒಂದು ವಾರ ನಿಲ್ಲೋಕಾಗ್ಲಿಲ್ಲ, ಈ ಪುಣ್ಯಾತ್ಮ ಅಲ್ಲಿಂದ ಬಂದು ಹೋಗಲೇ ಇಲ್ಲ” ಅಂದಳು ಅಕ್ಕ.

ವಿದೇಶಕ್ಕೆ ಹೊರಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಇಲ್ಲೇ ಉಳಿಯುವವರಿಗೆ, ನನ್ನದೊಂದು ಬಿನ್ನಹ. ಮನೆಯಲ್ಲಿ ಯಾರಾದರೂ ಮಲಗಿದರೆ ಫೋನ್ ಮಾಡುವವರು ಒಬ್ಬರೇ ಇರಲಿ, ಆಸ್ಪತ್ರೆಯಲ್ಲಿ ನಿಂತವರೇ ಇರಲಿ. ಅಳು ಆಮೇಲೆ, ಮೊದಲು ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ಬರುವುದೋ ಬಿಡುವುದೋ ಹೋದವರೇ ತೀರ್ಮಾನ ಮಾಡಿಕೊಳ್ಳಲಿ.

ಅಜ್ಜಿ ಈಗ ಕೋಲು ಹಿಡಿದು ಹಿತ್ತಲ ತನಕ ನಡೆಯುತ್ತಾರೆ. ಮೇಷ್ಟ್ರ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಒಂದು ವರ್ಷ ಅವಧಿ, ಇನ್ನೂ ನಡೆಯುತ್ತೆ. ವೀಸಾ ಮುಗಿದಿದೆ, ಹೊಸದಕ್ಕೆ ತಲೆಗೆ 90 ಯೂರೋ.