ರಾಗವಿಲ್ಲದ ಹಾಡು

ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಜಗಲಿಯಲ್ಲಿ ಕರೆಂಟು ಹೋದರೆ ಒಂದೇ ಆಟ. ಒಬ್ಬರು ಹಳೆಯ ಚಿತ್ರಗೀತೆಯ ನಡುವಿನ ಸಾಲನ್ನು ವಾರ್ತೆ ಓದಿದ ಹಾಗೆ ಓದಬೇಕು, ಉಳಿದವರು ಹಾಡು ಯಾವುದೆಂದು ಹೇಳಬೇಕು. ರಾಗ ಕಳಚಿಟ್ಟರೆ ಚಿ. ಉದಯಶಂಕರ್ ಅವರ ಪ್ರೇಮಗೀತೆಯೂ ಕಂದಾಯದ ನೋಟಿಸಿನಂತೆ ಕೇಳುತ್ತದೆ! ಪಲ್ಲವಿ ಎಲ್ಲರಿಗೂ ಬಾಯಿಪಾಠ. ಎರಡನೇ ಚರಣ ಬಂತೆಂದರೆ ಎಲ್ಲರೂ 'ಲಲಲಾ' ಪಕ್ಷ.

ದೊಡ್ಡಪ್ಪ ಮಾತ್ರ ಸೋಲುವವರಲ್ಲ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ ಜೊತೆಗೇ ಕಿವಿ ಬೆಳೆಸಿಕೊಂಡವರು. ಯಾವ ಸಾಲು ಓದಿದರೂ "ರಾಜ್‌ಕುಮಾರ್ ಹಾಡು ಕಣೋ" ಅನ್ನುತ್ತಾರೆ. ಹತ್ತರಲ್ಲಿ ಏಳು ಸಲ ಸರಿಯೇ!

ಒಮ್ಮೆ ಹಟಕ್ಕೆ ಬಿದ್ದು, ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ 'ಕಾಡು ಕುದುರೆ'ಯ ಹಾಡು ಓದಿದೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಇದು ನಮ್ಮ ಜಿಲ್ಲೆಯವರದು, ಪ್ರಶ್ನೆಯೇ ಅಲ್ಲ" ಎಂದು ತಾವೇ ಅಂಕ ಬರೆದುಕೊಂಡರು.