ನಿರ್ಜಲ ನೌಕಾ ಮೀಮಾಂಸೆ ಅಥವಾ ಅರ್ಕಾವತಿ ಸೀಮೆಯಲ್ಲಿ ಹಳೆಯ ಮೋಟಾರು ದೋಣಿಯ ಪೋಷಣವಿಚಾರ

ಶಾಸ್ತ್ರ ಬರೆಯಲು ಕೂತವನು ಮೊದಲು ಅನುಬಂಧ ಚತುಷ್ಟಯ ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಒಪ್ಪಿಸುತ್ತೇನೆ. ವಿಷಯ: ಹದಿನಾರು ಅಡಿ ಉದ್ದದ, ಫೈಬರ್ ಮೈಯ, ಬೆನ್ನಿಗೆ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಕಚ್ಚಿಕೊಂಡಿರುವ, ವಿಹಾರಕ್ಕೆಂದು ಹುಟ್ಟಿ ವಿಶ್ರಾಂತಿಯಲ್ಲೇ ಹಳತಾದ ಒಂದು ದೋಣಿ. ಅಧಿಕಾರಿ: ಮುಚ್ಚಿಹೋದ ರೆಸಾರ್ಟೊಂದರ ಹರಾಜಿನಲ್ಲಿ ಅದನ್ನು ಕೂಗಿ ಕೊಂಡು, ದೊಡ್ಡಬಳ್ಳಾಪುರದಾಚೆಯ ತೋಟದಲ್ಲಿ ಟ್ರೇಲರ್ ಸಮೇತ ನಿಲ್ಲಿಸಿರುವ ನನ್ನ ಷಡ್ಡಕ. ಸಂಬಂಧ: ಷಡ್ಡಕ ಎಂದ ಮೇಲೆ ಬಿಡಿಸಿ ಹೇಳಬೇಕಿಲ್ಲ. ಪ್ರಯೋಜನ: ಇದರ ಬಗ್ಗೆ ನನ್ನ ನಾದಿನಿಗೂ ಅವರಿಗೂ ಭಿನ್ನಾಭಿಪ್ರಾಯವಿದೆ.

ಇನ್ನು ಕ್ಷೇತ್ರವರ್ಣನೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಹುಟ್ಟಿತು, 2007ರಲ್ಲಿ ರಾಮನಗರವನ್ನು ಹಡೆಯಿತು, 2025ರ ಜುಲೈಯಲ್ಲಿ ನಂದಿ ಬೆಟ್ಟದ ಮೇಲೆ ಸೇರಿದ ಸಂಪುಟ ಸಭೆಯಲ್ಲಿ ‘ಬೆಂಗಳೂರು ಉತ್ತರ’ ಎಂಬ ಹೆಸರಿಗೆ ಒಪ್ಪಿಗೆ ಪಡೆಯಿತು. ಅರ್ಕಾವತಿ ಹುಟ್ಟುವುದೂ ಅದೇ ನಂದಿಯಲ್ಲಿ. ಹೆಸರಾದರೂ ಬೆಟ್ಟ ಇಳಿದು ದೊಡ್ಡಬಳ್ಳಾಪುರದವರೆಗೆ ಬಂತು. ನದಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ.

ಪೂರ್ವಪಕ್ಷದವರು ಇಲ್ಲೇ ಎದ್ದು ನಿಲ್ಲುತ್ತಾರೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆಗೆ ನೌಕಾಶಾಸ್ತ್ರ ಏಕೆ? ಇವರಿಗೆ ಇತಿಹಾಸ ಗೊತ್ತಿಲ್ಲ. ಟಿಪ್ಪು ಸುಲ್ತಾನ್ ಹುಟ್ಟಿದ್ದು ದೇವನಹಳ್ಳಿಯಲ್ಲಿ. 1796ರಲ್ಲಿ ಆತ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ ಕಟ್ಟಲು ಹುಕುಂ ಹೊರಡಿಸಿದ. ಆದಕಾರಣ ನೌಕಾಬಲ ಎಂಬುದು ದೇವನಹಳ್ಳಿಯ ಮಣ್ಣಿನ ಗುಣ ಎಂದು ಸಿದ್ಧವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದುಹೋದದ್ದರಿಂದ ಸರ್ವೀಸ್ ಸೆಂಟರ್ ತೆರೆಯುವುದೊಂದು ಬಾಕಿ ಉಳಿಯಿತು.

ಈಗ ಮುಖ್ಯ ಅಧಿಕರಣ. ಕೆರೆಯಲ್ಲಿ ನೀರಿಲ್ಲ ಎಂಬ ಜ್ಞಾನ ನಮಗೆ ಯಾವ ಪ್ರಮಾಣದಿಂದ ಬರುತ್ತದೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎನ್ನುತ್ತಾರೆ. ನೈಯಾಯಿಕರು ಪ್ರತ್ಯಕ್ಷವೇ ಸಾಕು ಎನ್ನುತ್ತಾರೆ. ಕಚೇರಿಯವರು ಕಡತ ನೋಡಬೇಕು ಎನ್ನುತ್ತಾರೆ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆ ಮಾಡಿದ್ದಾರೆ. ಅವರು ಯಾವ ಕೆರೆಯ ಏರಿಯ ಮೇಲೆ ಕೂತು ಯೋಚಿಸಿದರೋ ತಿಳಿಯದು, ನಾಲ್ಕೂ ನಮ್ಮ ಜಿಲ್ಲೆಗೆ ಅಳತೆ ಕೊಟ್ಟು ಹೊಲಿಸಿದ ಹಾಗಿವೆ.

ಮೊದಲನೆಯದು ಪ್ರಾಗಭಾವ, ಅಂದರೆ ಬರುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಉದಾಹರಣೆ, ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆಯಾಯಿತು, 24 ಟಿಎಂಸಿ ಎಂದು ಲೆಕ್ಕ ಬರೆಯಲಾಯಿತು, 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿತು. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ನನ್ನ ಷಡ್ಡಕ ಹರಾಜಿನಲ್ಲಿ ಕೈ ಎತ್ತಿದ್ದು ಆ ‘ಅಂತ್ಯವುಂಟು’ ಎಂಬ ಮಾತನ್ನು ನಂಬಿ.

ಎರಡನೆಯದು ಪ್ರಧ್ವಂಸಾಭಾವ: ಇತ್ತು, ಹೋಯಿತು. ಇದಕ್ಕೆ ಹೆಸರಘಟ್ಟ. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಆ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿ ಹಬೆಯ ಎಂಜಿನುಗಳು ಅದನ್ನು ಎತ್ತಿ ಬೆಂಗಳೂರಿಗೆ ಕುಡಿಸುತ್ತಿದ್ದವು. ಆ ಕೆರೆ ಕೈಕೊಡತೊಡಗಿದ ಮೇಲೆ ಇನ್ನೂ ಕೆಳಗೆ, ಶಿವಗಂಗೆಯಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಕೂಡುವಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಇದನ್ನು ಷಡ್ಡಕರಿಗೆ ನಾನಿನ್ನೂ ಹೇಳಿಲ್ಲ.

ಮೂರನೆಯದು ಅನ್ಯೋನ್ಯಾಭಾವ: ಘಟ ಪಟವಲ್ಲ, ಪಟ ಘಟವಲ್ಲ. ಅಂತೆಯೇ ಲೇಔಟ್ ಕೆರೆಯಲ್ಲ, ಕೆರೆ ಲೇಔಟ್ ಅಲ್ಲ. ಈ ಒಂದು ಕಡೆ ಮಾತ್ರ ಶಾಸ್ತ್ರ ಸೋತಿದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆ ವಾರ ಷಡ್ಡಕರು ಮೀಸೆ ತಿರುವುತ್ತ ತೋಟಕ್ಕೂ ಗೇಟಿಗೂ ತಿರುಗಿದ್ದನ್ನು ಕಂಡವರಿದ್ದಾರೆ. ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ, ಅಷ್ಟೇ.

ಇಲ್ಲೊಂದು ಆಕ್ಷೇಪ. ಹೆಬ್ಬಾಳ, ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ದೇವನಹಳ್ಳಿ ಕಡೆಯ ಕೆರೆಗಳಿಗೆ ಬರುತ್ತಿದೆಯಲ್ಲ, ಅದು ಭಾವವೋ ಅಭಾವವೋ? ಬೆಂಗಳೂರಿಗರು ಮಿಂದು ಬಿಟ್ಟ ನೀರಿನಲ್ಲಿ ವಿಹಾರ ಮಾಡುವುದು ಸ್ಮೃತಿಕಾರರು ಮುಟ್ಟದ ವಿಷಯವಾದ್ದರಿಂದ ಪ್ರಕೃತ ಲೇಖಕನೂ ಮುಟ್ಟುವುದಿಲ್ಲ.

ನಾಲ್ಕನೆಯದು ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದ್ದು. ವಾಯುವಿನಲ್ಲಿ ರೂಪವಿಲ್ಲದಂತೆ, ದೊಡ್ಡಬಳ್ಳಾಪುರದಲ್ಲಿ ಔಟ್‌ಬೋರ್ಡ್ ಮೆಕ್ಯಾನಿಕ್. ಇಂಥಲ್ಲಿ ಉಪಮಾನ ಪ್ರಮಾಣವೇ ಗತಿ. ಗವಯ ಕಾಣದವನು ಹಸುವನ್ನು ನೆನೆಯುವಂತೆ ನಾವು ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋದೆವು. ಮೇಸ್ತ್ರಿ ಎಂಜಿನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

“ಎಷ್ಟು ಇಂಚು ನೀರು ಎತ್ತುತ್ತೆ ಸಾರ್ ಇದು?”

“ಎತ್ತಲ್ಲ ಕಣಪ್ಪ, ನೀರಲ್ಲಿ ಓಡುತ್ತೆ.”

“ನೀರು?”

“ಅದು ಮೊದ್ಲೇ ಇರ್ಬೇಕು.”

“ನೀರು ಮೊದ್ಲೇ ಇದ್ರೆ ಮೋಟ್ರು ಯಾಕ್ ಸಾರ್ ಬೇಕು?”

ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ ನಾಲ್ಕೂ ‘ಅತಿಬಳಕೆ’ಯ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆಸಿ ಧೂಳು ಕಂಡವರ ನಡುವೆ ಬಾಳಿದ ಮೇಸ್ತ್ರಿಯ ಈ ಸೂತ್ರಕ್ಕೆ ಭಾಷ್ಯ ಬರೆಯುವ ಯೋಗ್ಯತೆ ನನಗಿಲ್ಲ.

ಆದರೆ ಆತ ಹಳೇ ಆರ್‌ಎಕ್ಸ್ 100 ಬಿಚ್ಚಿ ಕಟ್ಟಿದ ಕೈ. ಟೂ ಸ್ಟ್ರೋಕ್ ಎಂದ ಕೂಡಲೇ ಮುಖ ಅರಳಿತು. ಕಾರ್ಬುರೇಟರ್ ಬಿಚ್ಚಿದ. ನಿಂತ ಪೆಟ್ರೋಲು ಆವಿಯಾಗಿ ಬಟ್ಟಲಿನ ತಳದಲ್ಲಿ ಕಂದು ಅಂಟು ಗಟ್ಟಿಕಟ್ಟಿತ್ತು. ಜೆಟ್ಟಿನ ತೂತು ಪೂರ್ತಿ ಮುಚ್ಚಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹೀರಿದ್ದು ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹೀಗೆ ಅರ್ಕಾವತಿಯಲ್ಲಿ ಸಿಗದ ನೀರು ಷಡ್ಡಕರಿಗೆ ಇಂಧನದ ಟ್ಯಾಂಕಿನಲ್ಲಿ ಸಿಕ್ಕಿತು. ಹಳೆಯದನ್ನೆಲ್ಲ ಚೆಲ್ಲಿ, ಲೀಟರಿಗೆ 20 ಮಿಲಿಯಂತೆ 2ಟಿ ಆಯಿಲ್ ಬೆರೆಸಿ ಹೊಸದು ತುಂಬಿದ್ದಾಯಿತು. ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲು ಒಡೆದು ನೀರು ನುಗ್ಗಿದೆ ಎಂದರ್ಥ. ನಮ್ಮದು ಹರಳೆಣ್ಣೆಯಷ್ಟು ತಿಳಿ. ನುಗ್ಗಲು ನೀರು ಬೇಕಲ್ಲ.

ಸಿದ್ಧಾಂತ ಇಲ್ಲಿಂದಲೇ ಹೊರಡುತ್ತದೆ. ದೋಣಿಯ ಪರಮಶತ್ರು ನೀರು. ಫೈಬರ್ ಮೈಗೆ ಗುಳ್ಳೆ ಎಬ್ಬಿಸುವುದು, ಬೋಲ್ಟು ತಿನ್ನುವುದು, ಫ್ಯಾನಿಗೆ ಜೊಂಡು ಸುತ್ತುವುದು ಎಲ್ಲವೂ ನೀರಿನ ಕೃತ್ಯ. ನೀರೇ ಇಲ್ಲದ ಕ್ಷೇತ್ರದಲ್ಲಿ ದೋಣಿಗೆ ಆಯುಸ್ಸು ಹೆಚ್ಚು. ಮಲ್ಪೆಯವರು, ಮಂಗಳೂರಿನವರು ತಮ್ಮ ದೋಣಿಗಳನ್ನು ಹೊಸಕೋಟೆಗೆ ತಂದು ಇಡಬೇಕು ಎಂಬುದು ಇದರ ಸಹಜ ಫಲಿತಾಂಶ.

ಒಂದೇ ತೊಡಕು. ಔಟ್‌ಬೋರ್ಡ್ ಎಂಜಿನಿಗೆ ರೇಡಿಯೇಟರ್ ಇಲ್ಲ. ಕೆಳಗಿನ ಕಾಲಿನೊಳಗೆ ಒಂದು ರಬ್ಬರ್ ಇಂಪೆಲರ್ ತಿರುಗಿ, ಕೆರೆಯ ನೀರನ್ನೇ ಮೇಲೆಳೆದು ಎಂಜಿನ್ ತಣಿಸಿ ಹೊರಗೆ ಬಿಡುತ್ತದೆ. ಒಣಗಿದ್ದಾಗ ಓಡಿಸಿದರೆ ನಿಮಿಷದೊಳಗೇ ರಬ್ಬರ್ ಸುಟ್ಟುಹೋಗಬಹುದು. ವರ್ಷಗಟ್ಟಲೆ ನಿಂತ ನಮ್ಮ ಇಂಪೆಲರಿನ ರೆಕ್ಕೆಗಳು ಒಂದೇ ಕಡೆ ಬಾಗಿ, ಸೆಟೆದು, ಬುಡದಲ್ಲಿ ಬಿರಿದಿದ್ದವು. ಹೊಸದು ಕರಾವಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. (ಕೆರೆಗಳಲ್ಲಿ ಮೀನು ಹಿಡಿಯುವವರ ಹರಿಗೋಲಿಗೆ ಬಿದಿರು, ಹೊದಿಕೆ, ಒಂದಿಷ್ಟು ಡಾಂಬರು ಸಾಕು. ಕೆರೆ ಒಣಗಿದರೆ ತಲೆಯ ಮೇಲೆ ಹೊತ್ತು ಮನೆಗೆ ಹೋಗಬಹುದು. ಆದರೆ ಅದರ ಮೇಲೆ ಗ್ರಂಥ ಬರೆಯಲಾಗುವುದಿಲ್ಲ.)

ದೋಣಿ ಕೆರೆಗೆ ಹೋಗದಿದ್ದರೆ ಕೆರೆಯೇ ದೋಣಿಗೆ ಬರಬೇಕಷ್ಟೆ. 200 ಲೀಟರಿನ ನೀಲಿ ಡ್ರಮ್ಮು ತಂದು ಎಂಜಿನಿನ ಕಾಲನ್ನು ಅದರೊಳಗೆ ಇಳಿಸಿದೆವು. ಫ್ಯಾನು ಮೊದಲೇ ಬಿಚ್ಚಿಟ್ಟಿದ್ದೆವು, ಇಲ್ಲವಾದರೆ ನೀರೆಲ್ಲ ಆಚೆ ಎರಚುತ್ತಿತ್ತು. ಟ್ಯಾಂಕರಿನವನು ಪೈಪು ಹಿಡಿದು ತುಂಬಿದ. ಮೇಸ್ತ್ರಿ ಹಗ್ಗ ಎಳೆದ. ನೀಲಿ ಹೊಗೆ ಎದ್ದು ಎಂಜಿನ್ ಹಿಡಿದುಕೊಂಡಿತು. ಪಕ್ಕದ ತೋಟದವರು ಯಾರೋ ಆರ್‌ಎಕ್ಸ್ 100 ತಂದಿದ್ದಾರೆಂದು ಓಡಿ ಬಂದರು. ಎಲ್ಲ ಸರಿ, ಎಂಜಿನ್ ತಣಿಸಿದ ನೀರು ಪಿಚಕಾರಿಯಂತೆ ಹೊರಬರಬೇಕಾದ ಸಣ್ಣ ತೂತು ಮಾತ್ರ ಒಣಗಿತ್ತು. ಮೇಸ್ತ್ರಿ ತಕ್ಷಣ ಆಫ್ ಮಾಡಿ, ಬ್ರೇಕ್ ವೈರಿನ ಒಂದು ಎಳೆ ತೂರಿಸಿ ಕೆದಕಿದ. ಕಣಜದ ಹುಳದ ಮಣ್ಣಿನ ಗೂಡು ಪುಡಿಪುಡಿಯಾಗಿ ಉದುರಿತು. ಮತ್ತೆ ಹಗ್ಗ ಎಳೆದ. ಈ ಸಲ ಚಿರ್ರೆಂದು ನೀರು ಹಾರಿತು. “ಅರ್ಧ ಇಂಚೂ ಇಲ್ಲ ಸಾರ್” ಎಂದ.

ಕೊನೆಯ ಪ್ರಕರಣ ಬಿರಡೆಯದು. ಒಳಗೆ ಸೇರಿದ ನೀರನ್ನು ದಡದಲ್ಲಿ ಬಸಿಯಲು ದೋಣಿಯ ಹಿಂಬದಿಯ ತಳದಲ್ಲೊಂದು ತೂತಿದ್ದು, ಅದಕ್ಕೆ ಬಿರಡೆ ಇರುತ್ತದೆ. ನಿಲ್ಲಿಸಿದ ದೋಣಿಯಲ್ಲಿ ಅದನ್ನು ತೆಗೆದಿಡಬೇಕು. ಷಡ್ಡಕರು ಅದನ್ನು ಭದ್ರವಾಗಿ ಬಿಗಿದಿದ್ದರು. ಮಳೆ ಬಂತು. ಸುತ್ತಲ ಕೆರೆಗಳು ತುಂಬುವ ಮುಂಚೆ ದೋಣಿ ತುಂಬಿತು. ಹೊರಗೆ ಒಣನೆಲ, ಒಳಗೆ ಮೊಣಕಾಲುದ್ದ ನೀರು, ಅದರಲ್ಲಿ ಸೊಳ್ಳೆಮರಿ. ಲಾರ್ವಾ ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬಂದರು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿದಾಗ ದಂಡವನ್ನೂ ಗೊತ್ತುಮಾಡಿತ್ತು: ನಗರದ ಮನೆಗೆ 400 ರೂಪಾಯಿ, ಗ್ರಾಮಾಂತರದ ಮನೆಗೆ 200. ಜಿಲ್ಲೆಯ ಹೆಸರಿನಿಂದ ‘ಗ್ರಾಮಾಂತರ’ ಹೋದ ಮೇಲೆ ದಂಡ ದುಪ್ಪಟ್ಟಾಗುವುದೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

“ಮೊದ್ಲು ಆ ಬಿರಡೆ ತೆಗೀರಿ ಸಾರ್” ಎಂದರು ಆಕೆ.

“ಬಿರಡೆ ತೆಗೆದ್ರೆ ದೋಣಿ ಮುಳುಗುತ್ತೆ ಮೇಡಂ.”

ಆಕೆ ತೋಟದ ನಾಲ್ಕೂ ದಿಕ್ಕು ನೋಡಿದರು. “ಎಲ್ಲಿ ಸಾರ್?”

ದಂಡವೇನೂ ಹಾಕಲಿಲ್ಲ. ತಾವೇ ಬಗ್ಗಿ ಬಿರಡೆ ಕಿತ್ತು, ಒರೆಸಿ, ರಿಜಿಸ್ಟರಿನ ಜೊತೆ ಚೀಲಕ್ಕೆ ಹಾಕಿಕೊಂಡರು. ಮಳೆಗಾಲ ಮುಗಿದ ಮೇಲೆ ಕೊಡುತ್ತಾರಂತೆ.