ತಗಾದೆ ಮೀಮಾಂಸೆ: ನವರಸಪುರದ ಸೀಮೆಯಲ್ಲಿ ಪೋಸ್ಟ್‌ಪೇಯ್ಡ್ ಬಾಕಿ

ಪ್ರಸ್ತಾವನೆ

ವಿಜಯಪುರದ ಬಳಿಯ ತೊರವಿಯ ಬಗ್ಗೆ ಪಂಡಿತರು ಮತ್ತೆ ಮತ್ತೆ ಹೇಳುವುದು ಎರಡೇ ಸಂಗತಿ. ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದ, ಆ ಕಾವ್ಯಕ್ಕೆ ಈ ಊರ ಹೆಸರೇ ನಿಂತಿತು ಎಂಬುದು ಒಂದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇದೇ ನೆಲದಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಲು ಹೊರಟ, 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು ಎಂಬುದು ಇನ್ನೊಂದು. ಮೂರನೆಯ ಸಂಗತಿಯನ್ನು ವಿದ್ವಾಂಸರು ಮುಟ್ಟಿಲ್ಲ. ಅದು ಈ ಊರವರ ಕಿಸೆಯಲ್ಲಿ ಹೊತ್ತುಗೊತ್ತಿಲ್ಲದೆ ಗುಂಯ್‌ಗುಡುವ ಬಾಕಿ ವಸೂಲಿಯ ಫೋನು. ಆ ಕೊರತೆ ತುಂಬುವುದೇ ಈ ಪ್ರಬಂಧದ ಉದ್ದೇಶ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ತೊರವಿಯಲ್ಲೇ ಇದೆ, ನಿಜ. ಆದರೂ ಇದನ್ನು ಪಿಎಚ್‌ಡಿಗೆ ಒಪ್ಪಿಸುವ ಧೈರ್ಯ ಪ್ರಬಂಧಕಾರನಿಗಿಲ್ಲ. ಮೌಖಿಕ ಪರೀಕ್ಷೆಯ ನಡುವೆ ಅದೇ ಫೋನು ಬಂದರೆ ಪರೀಕ್ಷಕರಿಗೆ ಏನೆಂದು ಹೇಳುವುದು?

ಪೂರ್ವಸೂರಿಗಳು

ತಗಾದೆಯ ಇತಿಹಾಸ ದೊಡ್ಡದು. 13ನೆಯ ಶತಮಾನದಲ್ಲಿ ಮಾಬಾರ್ ಸೀಮೆಯನ್ನು ಬಣ್ಣಿಸಿದ ಮಾರ್ಕೊ ಪೋಲೊ ಒಂದು ಪದ್ಧತಿ ಹೇಳುತ್ತಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದುಬಿಟ್ಟರೆ ಮುಗಿಯಿತು, ಹಣವನ್ನೋ ಜಾಮೀನನ್ನೋ ಕೊಡದೆ ಅವನು ಆ ಗೆರೆ ದಾಟುವಂತಿಲ್ಲ. ಅಲ್ಲಿನ ಅರಸನಿಗೇ ಒಬ್ಬ ವ್ಯಾಪಾರಿ ಹೀಗೆ ಗೆರೆ ಎಳೆದನಂತೆ. ಅರಸ ಕುದುರೆ ಅಲ್ಲಾಡಿಸದೆ, ಬಾಕಿ ತೀರಿಸಿಯೇ ಮುಂದೆ ಹೋದನಂತೆ. ನಮ್ಮ ಕಡೆ ಬಾಗಿಲಿಗೆ ಧರಣಿ ಕೂಡುವ ಪದ್ಧತಿ ಇತ್ತು. ಎರಡರಲ್ಲೂ ಒಂದು ಸೌಲಭ್ಯವಿತ್ತು: ಎದುರಿಗೆ ಮನುಷ್ಯ ಇರುತ್ತಿದ್ದ. ಬಿಸಿಲಿಗೆ ಅವನೂ ಬೇಯುತ್ತಿದ್ದ. ಈಗ ಗೆರೆ ಎಳೆಯುವವನು ಯಾವ ಊರಲ್ಲಿ ಕೂತಿದ್ದಾನೆ ಎಂಬುದು ಅವನ ಮೇಲ್ವಿಚಾರಕನಿಗಷ್ಟೇ ಗೊತ್ತು.

ಮೂಲಪ್ರತಿ, ಪಾಠಾಂತರ, ಪ್ರಕ್ಷೇಪ

ತರ್ಕಶಾಸ್ತ್ರದವರಿಗೆ ಉದಾಹರಣೆ ಬೇಕಾದಾಗ ದೇವದತ್ತ ಒದಗುತ್ತಾನೆ. ನಮಗೂ ಅವನೇ ಇರಲಿ. ವಿಜಯಪುರ ಸೀಮೆಯವನಾದ್ದರಿಂದ ದೇವದತ್ತ ಕಾಕಾ. ಮನೆ ತೊರವಿಯಲ್ಲಿ, ದ್ರಾಕ್ಷಿ ಪಡ ಟಿಕೋಟಾ ಕಡೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋದವರು, ಛತ್ರಿ ಕೆಳಗೆ ಕೂತಿದ್ದ ಹುಡುಗನ ಮಾತಿಗೆ ಮರುಳಾಗಿ ಪೋಸ್ಟ್‌ಪೇಯ್ಡ್ ಸಿಮ್ ತಗೊಂಡರು. ಹುಡುಗ ಹೇಳಿದ ಬಾಡಿಗೆ ಒಂದು, ಬಿಲ್ಲಿನಲ್ಲಿ ಬಂದದ್ದು ಇನ್ನೊಂದು. ಕಾಕಾ ಬೇಸತ್ತು ಅಂಗಡಿಗೆ ಹೋಗಿ, ಬಾಕಿ ಕಟ್ಟಿ, ಸಿಮ್ ಬಂದ್ ಮಾಡಿಸಿ ಬಂದರು. ಹಾಗೆಂದು ಅವರು ತಿಳಿದರು.

ಮುಂದಿನ ಸುಗ್ಗಿಗೆ ಮೊದಲ ಕರೆ ಬಂತು. ಬಾಕಿ 412 ರೂಪಾಯಿ. ಎರಡನೆಯ ಕರೆಯಲ್ಲಿ 649. ಮೂರನೆಯದರಲ್ಲಿ 1,180. ಗ್ರಂಥಸಂಪಾದನೆ ಬಲ್ಲವರಿಗೆ ಇದು ಹೊಸದಲ್ಲ. ಲಿಪಿಕಾರರ ಕೈ ದಾಟಿದಷ್ಟೂ ಕಾವ್ಯಕ್ಕೆ ಪದ್ಯ ಸೇರುತ್ತಲೇ ಇರುತ್ತದೆ. ಕಿರಿದಾದ ಪಾಠ ಹಳೆಯದು, ಬೆಳೆದ ಪಾಠ ಪ್ರಕ್ಷಿಪ್ತ. ತಡವಾದದ್ದಕ್ಕೆ ದಂಡ ಒಂದು ಪ್ರಕ್ಷೇಪ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಇನ್ನೊಂದು, ಯಾರೂ ಕೇಳದ ಕಾಲರ್ ಟ್ಯೂನು ಮಗದೊಂದು. (ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕನ ಒಪ್ಪಿಗೆ ಎರಡು ಸಲ ಪಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ಹೇಳಿದೆ. ಕಾಕಾನ ಟ್ಯೂನಿಗೆ ಒಮ್ಮೆಯೂ ಒಪ್ಪಿಗೆ ಸಿಕ್ಕಿದ ದಾಖಲೆ ಇಲ್ಲ.)

ಇನ್ನು ವಂಶವೃಕ್ಷ. ಕಂಪನಿಯಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಅದರ ಕೈಕೆಳಗಿನ ಇನ್ನೊಂದಕ್ಕೆ, ಅಲ್ಲಿಂದ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಹುಡುಗನಿಗೆ. ಅವನ ಮುಂದೆ ಇರುವುದು ಒಂದು ಹೆಸರು, ಒಂದು ನಂಬರು, ಒಂದು ಮೊತ್ತ. ಮೂಲಪ್ರತಿಯಾದ ಬಿಲ್ಲನ್ನು ಈ ಪರಂಪರೆಯ ಕೊನೆಯ ಇಬ್ಬರೂ ಕಂಡಿಲ್ಲ.

"ತಮ್ಮಾ, ಯಾ ತಿಂಗಳ ಬಿಲ್ ಇದು? ಅದನ್ನ ಕಳಸು."

"ಸರ್, ಸಿಸ್ಟಮ್‌ನಲ್ಲಿ ತೋರಿಸ್ತಿದೆ."

"ನಿನ್ನ ಸಿಸ್ಟಮ್‌ದಾಗ ತೋರಸ್ತದ, ನನಗ ತೋರಸಂಗಿಲ್ಲಲ್ಲೊ."

ಇಲ್ಲಿ ಮೀಮಾಂಸಕರ ಅರ್ಥಾಪತ್ತಿ ನೆರವಿಗೆ ಬರುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ ಎಂದು ಅವರು ಊಹಿಸಿದರು. ಗ್ರಾಹಕ ಸೇವಾ ಕೇಂದ್ರದ ಊಹೆಯೂ ಅದೇ: ದೇವದತ್ತ ಫೋನು ಬಳಸಿಲ್ಲ ಎನ್ನುತ್ತಾನೆ, ಬಿಲ್ಲು ದಪ್ಪಗಿದೆ, ಆದ್ದರಿಂದ ರಾತ್ರಿ ಬಳಸಿದ್ದಾನೆ. ಬಿಲ್ಲೇ ತಪ್ಪಿರಬಹುದು ಎಂಬ ಪಕ್ಷವನ್ನು ಮೀಮಾಂಸಕರೂ ಎತ್ತಿಲ್ಲ, ಕಂಪನಿಯೂ ಎತ್ತುವುದಿಲ್ಲ.

ಸ್ವರೂಪ ನಿರ್ಣಯ

ತೊರವಿ ನರಸಿಂಹನ ಊರು. ಹಿರಣ್ಯಕಶಿಪು ವರ ಬೇಡುವಾಗ ಬರೆಸಿಕೊಂಡದ್ದು ನಿಬಂಧನೆಗಳ ದೊಡ್ಡ ಪಟ್ಟಿ. ಹಗಲೂ ಬೇಡ, ಇರುಳೂ ಬೇಡ. ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ಪೋಸ್ಟ್‌ಪೇಯ್ಡ್ ಬಾಕಿಗೆ ಸಿಕ್ಕಿರುವುದು ಇದೇ ವರ ಎಂಬುದು ಪ್ರಬಂಧಕಾರನ ಸಿದ್ಧಾಂತ.

ಪ್ರಮಾಣಗಳನ್ನು ನೋಡಿ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಆದೇಶಿಸಿತು. ಆದರೆ ಅದರ ಮಾತು ನಡೆಯುವುದು ಬ್ಯಾಂಕು, ಹಣಕಾಸು ಕಂಪನಿಗಳ ಮೇಲೆ. ಮೊಬೈಲ್ ಕಂಪನಿ ಎರಡೂ ಅಲ್ಲ. ಮೈಕ್ರೋಫೈನಾನ್ಸ್ ಕಿರುಕುಳ ಹಳ್ಳಿಗಳಲ್ಲಿ ಮಿತಿಮೀರಿದಾಗ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದ ತನಕ ಸೆರೆವಾಸ ಇಟ್ಟಿತು. ಆದರೆ ಅದು ಕಿರುಸಾಲಕ್ಕೆ, ಬಿಲ್ಲು ಸಾಲವಲ್ಲ. ಟ್ರಾಯ್ ಕಂಪನಿಗಳಿಗೆ ನಿಯಮ ಮಾಡುತ್ತದೆ, ಆದರೆ ಒಬ್ಬೊಬ್ಬ ಗ್ರಾಹಕನ ದೂರು ಬಿಡಿಸುವುದು ಅದರ ಕೆಲಸವಲ್ಲ. ಠಾಣೆಗೆ ಹೋದರೆ, "ಇದು ಸಿವಿಲ್ ಮ್ಯಾಟರ್ ಐತ್ರೀ ಕಾಕಾ." ಹೀಗೆ ಸಾಲವೂ ಅಲ್ಲದ, ಸಾಲವಲ್ಲದ್ದೂ ಅಲ್ಲದ ಬಾಕಿ ಹೊಸ್ತಿಲ ಮೇಲೆ ಆರಾಮಾಗಿ ಕಾಲು ಚಾಚಿ ಕೂತಿದೆ. ಅದನ್ನು ಬಗೆಯಲು ಒಂದು ಕಂಬ ಒಡೆಯಬೇಕು. ಊರಲ್ಲಿರುವ ಕಂಬವೋ, ಅದೇ ಕಂಪನಿಯ ಟವರು.

ರಸವಿಚಾರ

ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಬಗ್ಗೆ ಕಿತಾಬ್-ಎ-ನವರಸ್ ರಚಿಸಿದ ದೊರೆ. ಅವನ ಪಟ್ಟಣದಲ್ಲಿ ಉಳಿದದ್ದು ಸಂಗೀತ ಮಹಲಿನಂಥ ಹಾಳು ಗೋಡೆಗಳು. ಒಡೆದ ಪಟ್ಟಣ ಬಿಟ್ಟ ರಸಗಳು ಎಲ್ಲಿಗೆ ಹೋದವು ಎಂದು ಇತಿಹಾಸಕಾರರು ವಿಚಾರಿಸಿಲ್ಲ. ಅವು ಕಾಲ್ ಸೆಂಟರ್ ಸೇರಿವೆ.

ತಗಾದೆ ಶೃಂಗಾರದಿಂದ ಆರಂಭ. ದನಿ ಸಕ್ಕರೆಯಂಥದ್ದು. "ನಮಸ್ಕಾರ ಸರ್, ಹೇಗಿದ್ದೀರಾ? ಊಟ ಆಯ್ತಾ ಸರ್?" ಮನೆಯವರೂ ಇಷ್ಟು ಅಕ್ಕರೆಯಿಂದ ಕೇಳಿರುವುದಿಲ್ಲ. ಕಾಕಾ ಕರಗಿ, ಉಂಡದ್ದು ಕಟಕ ರೊಟ್ಟಿ, ಝುಣಕ ಎಂದು ವಿವರವಾಗಿ ಹೇಳಿಬಿಟ್ಟರು. ಹಾಸ್ಯ ತಾನಾಗಿ ಹುಟ್ಟಿತು.

ರೌದ್ರ ಎರಡನೆಯ ವಾರಕ್ಕೆ. ವೀರ ಅದರ ಬೆನ್ನಿಗೆ: "ನಮ್ಮ ಹುಡುಗರು ಮನೆಗೆ ಬರ್ತಾರೆ." ವಸೂಲಿಗೆ ಗೂಂಡಾಗಳನ್ನು ಬಿಡುವಂತಿಲ್ಲ, ಕಾನೂನಿನ ದಾರಿ ಹಿಡಿಯಿರಿ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಒಂದು ಬ್ಯಾಂಕಿಗೆ ಗದರಿಸಿ ಹೇಳಿದೆ. ಹೆದರಿಸುವ ಮಾತು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನ ಅಪರಾಧ. ಠಾಣೆಯ ಆ ಸಿವಿಲ್ ಮ್ಯಾಟರ್ ಇಲ್ಲಿಗೆ ಮುಗಿಯುತ್ತದೆ. ಕಾಕಾ ಮಾತ್ರ ಕಾನೂನು ತೆಗೆಯಲಿಲ್ಲ. "ಬರ್ಲಿ ಬಿಡು ತಮ್ಮಾ, ಕಟಾವಿಗೆ ಆಳ ಸಿಗವಲ್ವು" ಎಂದರು.

ಶಾಸ್ತ್ರದ ಜೀವ ಇರುವುದು ಭಯಾನಕದಲ್ಲಿ. ವಾಟ್ಸ್ಯಾಪಿಗೆ ಒಂದು ನೋಟಿಸು ಬರುತ್ತದೆ. ಮೇಲೆ ತಕ್ಕಡಿ, ಕೆಳಗೆ ಕೆಂಪು ಶಾಯಿ, ನಡುವೆ "ಬಂಧನ" ಎಂಬ ಶಬ್ದ. ಭಯಾನಕದ ಲಕ್ಷಣ ಎಲ್ಲಾ ಇವೆ, ಪ್ರಕರಣದ ಸಂಖ್ಯೆ ಒಂದನ್ನು ಬಿಟ್ಟು. ಬಿಲ್ಲು ಕಟ್ಟದಿದ್ದುದಕ್ಕೆ ಪೊಲೀಸರು ಹಿಡಿದೊಯ್ಯುವುದಿಲ್ಲ. ಕಂಪನಿಗೆ ಬೇಕಿದ್ದರೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಫೋನ್ ಬಾಕಿಗಳು ಲೋಕ ಅದಾಲತ್ತಿಗೆ ಬರುವುದುಂಟು, ಆದರೆ ಅಲ್ಲಿ ರಾಜಿ ಆಗಬೇಕಾದರೆ ಇಬ್ಬರೂ ಒಪ್ಪಬೇಕು. ಒಪ್ಪದೆ ಎದ್ದು ಬಂದವನನ್ನು ಅದಾಲತ್ತು ಹಿಡಿದು ಕೂಡ್ರಿಸುವುದಿಲ್ಲ. ಈ ಜ್ಞಾನ ಹಬ್ಬಿದರೆ ಭಯಾನಕ ರಸ ಒಣಗೀತೆಂಬ ಕಾರಣಕ್ಕೋ ಏನೋ, ನೋಟಿಸಿನಲ್ಲಿ ಇದನ್ನು ಬರೆಯುವುದಿಲ್ಲ.

ಬೀಭತ್ಸದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಬಾಬಲೇಶ್ವರದ ಬೀಗರ ಮನೆಗೆ ಫೋನು ಮಾಡಿ, "ನಿಮ್ಮ ಕಡೆಯವರು ಮೋಸಗಾರರು" ಎನ್ನುವುದು ಅದು.

ಕರುಣರಸಕ್ಕೆ ಬಂದಾಗ ಪ್ರಬಂಧಕಾರನ ಲೇಖನಿ ತಡೆಯುತ್ತದೆ. ತಿಂಗಳ ಕೊನೆಯಲ್ಲಿ ಅದೇ ಹುಡುಗ ಬೇರೆ ದನಿಯಲ್ಲಿ ಮಾತಾಡುತ್ತಾನೆ: "ಸರ್, 300 ಆದ್ರೂ ಹಾಕಿ ಸರ್, ಟಾರ್ಗೆಟ್ ಆಗಿಲ್ಲ." ಇದು ನಟನೆಯಲ್ಲ. ಎದುರಿಗಿರುವವನೂ ಯಾವುದೋ ಊರಿನ ಡಿಗ್ರಿ ಮುಗಿಸಿದ ಮಗ. ಬೈದರೆ ಬೈಗುಳ ಬೀಳುವುದು ಅವನಿಗೆ. ಮೂಲಪ್ರತಿ ಇಟ್ಟುಕೊಂಡವರ ಕಿವಿಗೆ ಅದು ತಲುಪುವುದೇ ಇಲ್ಲ. ಕಾಕಾ ಅವನಿಗೆ, "ಊಟ ಆತೇನೋ?" ಎಂದು ಕೇಳಿದ್ದು ಇಲ್ಲೇ.

ಶಾಂತರಸ ಭರತನ ಎಂಟರ ಪಟ್ಟಿಯಲ್ಲಿ ಇಲ್ಲ, ನಂತರದವರು ಸೇರಿಸಿದ್ದು ಎಂದು ವಾದವಿದೆ. ತಗಾದೆಯಲ್ಲೂ ಅದು ಅಪರೂಪ. "ನಿನ್ನ ಏಜೆನ್ಸಿ ಹೆಸರು, ಕಂಪನಿ ನಿನಗ ಕೊಟ್ಟ ಅಧಿಕಾರ ಪತ್ರ, ನನ್ನ ದೂರಿನ ಡಾಕೆಟ್ ನಂಬರು, ಮೂರೂ ಹೇಳು" ಎಂದಾಗ ಮಾತ್ರ ಉಂಟಾಗುತ್ತದೆ.

ಪ್ರಾಯಶ್ಚಿತ್ತ ಕಾಂಡ

ಡಾಕೆಟ್ ನಂಬರು ಎಂಬ ಮಂತ್ರ ಬಾಯಿಮಾತಿಗೆ ಒಲಿಯುವುದಿಲ್ಲ. ಕಂಪನಿಯ ದೂರು ಕೇಂದ್ರದಲ್ಲಿ ಬಿಲ್ಲಿನ ತಕರಾರು ದಾಖಲಿಸಿ, ಅದನ್ನು ಬರೆದಿಟ್ಟುಕೊಳ್ಳಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು, ಅದು 39 ದಿನದಲ್ಲಿ ತೀರ್ಮಾನಿಸಬೇಕು ಎಂದು ಟ್ರಾಯ್‌ನ 2012ರ ನಿಯಮ. ಈ 39 ಎಲ್ಲಿಂದ ಬಂತು? ಕಡತಗಳಲ್ಲಿ ಏನೇ ಇರಲಿ, ತೊರವಿಯಲ್ಲಿ ಕೂತು ನೋಡಿದರೆ ಉತ್ತರ ಸುಲಭ. ಒಂದು ತಿಂಗಳು, ಅದಕ್ಕೆ ರಸಕ್ಕೊಂದರಂತೆ ಒಂಬತ್ತು ದಿನ.

ಅದೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿಯೇ ಕಂಬ ಒಡೆದದ್ದು. ಟೆಲಿಫೋನ್ ತಕರಾರು 1885ರ ಟೆಲಿಗ್ರಾಫ್ ಕಾಯಿದೆ ಹೇಳಿದ ಮಧ್ಯಸ್ಥಗಾರನ ಮುಂದೆಯೇ ಹೋಗಬೇಕು, ಗ್ರಾಹಕ ವೇದಿಕೆಗೆ ಅಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಬಾಗಿಲು ಮುಚ್ಚಿತ್ತು. ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ವೊಡಾಫೋನ್ ಬಿಲ್ಲು, 2013ರ ನವೆಂಬರ್ 8ರಿಂದ ಡಿಸೆಂಬರ್ 7ರ ತನಕದ ಅವಧಿಗೆ 24,609 ರೂಪಾಯಿ 51 ಪೈಸೆ ಬಂತು. ಅವರು ಗ್ರಾಹಕ ವೇದಿಕೆಗೆ ಹೋದರು. ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರುವರಿ 16ರಂದು ತೀರ್ಪು ಬಂತು: ಗ್ರಾಹಕ ವೇದಿಕೆಗೆ ಹೋಗಬಹುದು. ಬಿಲ್ಲು ಸರಿಯೋ ತಪ್ಪೋ ಎಂಬುದರ ತೀರ್ಪು ಅದಲ್ಲ, ಯಾವ ಬಾಗಿಲು ತಟ್ಟಬೇಕೆಂಬುದರ ತೀರ್ಪು. ಅಷ್ಟಕ್ಕೇ ಎಂಟು ವರ್ಷ ಹಿಡಿಯಿತು. ಐವತ್ತೊಂದು ಪೈಸೆಯನ್ನೂ ಬಿಡದೆ ಲೆಕ್ಕ ಹಾಕಿದ ಯಂತ್ರವನ್ನು ಮಾತ್ರ ಮೆಚ್ಚಬೇಕು.

ಈಗ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಟೆಲಿಕಾಂ ಸೇವೆಯ ಹೆಸರೇ ಇದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕೆಂದಿಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೇ.

ಪೂರ್ವಪಕ್ಷ

ಇಷ್ಟೆಲ್ಲಾ ಯಾಕೆ, 412 ರೂಪಾಯಿ ಒಗೆದು ಕೈತೊಳೆದುಕೊಳ್ಳಬಾರದೇ ಎಂದು ಕಾಕಾನ ಮಡದಿ ಕಾಕು ಆಕ್ಷೇಪ ಎತ್ತಿದರು. ಆಕ್ಷೇಪ ಬಲವಾದದ್ದು. ವಸೂಲಿಯ ವ್ಯಾಪಾರ ನಿಂತಿರುವುದೇ ಇದರ ಮೇಲೆ: ಜಗಳಕ್ಕೆ ಸಾಲದಷ್ಟು ಸಣ್ಣ ಮೊತ್ತ, ಮರ್ಯಾದೆಗೆ ಅಂಜುವಷ್ಟು ದೊಡ್ಡ ಸದ್ದು. ಕಾಕಾನೂ ಸೋತು ಒಪ್ಪಿಕೊಂಡರು. ಆಗ ಅದ್ಭುತರಸ ಪ್ರಕಟವಾಯಿತು. 1,180 ಇದ್ದದ್ದು ಒಂದೇ ಕರೆಯಲ್ಲಿ 350ಕ್ಕೆ ಇಳಿಯಿತು. "ಸೆಟಲ್‌ಮೆಂಟ್ ಆಫರ್ ಸರ್, ಇವತ್ತೇ ಲಾಸ್ಟ್."

ಕಾಕಾನ ಮಗ ಅಲ್ಲೇ ಇದ್ದ. ಬಾಕಿಯನ್ನು ಚೌಕಾಸಿ ಮಾಡಿ ತೀರಿಸಿದರೆ ಸಿಬಿಲ್ ವರದಿಯಲ್ಲಿ "ಸೆಟಲ್ಡ್" ಎಂದು ಕೂತುಬಿಡಬಹುದು, ಪೂರ್ತಿ ಮುಗಿಯಿತು ಎಂದಲ್ಲ. ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ಬೆರಳಿಟ್ಟು ತೋರಿಸುತ್ತಾರೆ ಎಂದು ತಡೆದ. ಕಾಕಾ ಫೋನು ಮತ್ತೆ ಕಿವಿಗಿಟ್ಟರು.

"ತಮ್ಮಾ, ರೊಕ್ಕ ಹಾಕ್ತೀನಿ. ಬಾಕಿ ಏನೂ ಇಲ್ಲ ಅಂತ ಕಂಪನಿ ಶಿಕ್ಕಾ ಇರೋ ಚೀಟಿ ಮೊದಲ ಕಳಸು."

"ಅದು ಬೇರೆ ಡಿಪಾರ್ಟ್‌ಮೆಂಟ್ ಸರ್."